ದೊಡ್ಡಪ್ಪನ ಹಳೇ ಮರದ ಲ್ಯೂರುಗಳನ್ನ ಮಳೆಗಾಲದಲ್ಲಿ ರಿಪೇರಿ ಮಾಡಿದ ಅನುಭವ

ಕೆಲಸ ಈಗಷ್ಟೇ ಮುಗೀತು, ನೆನಪು ಹಸಿಯಾಗಿರುವಾಗ್ಲೇ ಬರ್ದಿಡ್ತೀನಿ. ಮರದ ಲ್ಯೂರ್ ರಿಪೇರಿ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬರ್ದಿದಾರಾ ಅಂತ ಹುಡುಕಿದೆ, ನನ್ನ ಕಣ್ಣಿಗಂತೂ ಏನೂ ಬೀಳ್ಲಿಲ್ಲ. ಇಂಗ್ಲಿಷಲ್ಲಿ ರಾಶಿ ಇದೆ, ಆದ್ರೆ ನಾನು ನೋಡಿದ್ದೆಲ್ಲಾ ಒಣಹವೆ ಇರೋ ಊರಿನವ್ರು ಹೇಳಿದ್ದು, "ಒಂದು ರಾತ್ರಿ ಒಣಗೋಕೆ ಬಿಡಿ" ಅಂತ ಆರಾಮಾಗಿ ಹೇಳ್ಬಿಡ್ತಾರೆ. ಜುಲೈ ತಿಂಗಳಲ್ಲಿ ಹೊಸನಗರ ಕಡೆ ಒಂದು ರಾತ್ರಿಲಿ ಒಣಗೋದು ಎಂತದೂ ಇಲ್ಲ ಮಾರಾಯ್ರೇ, ಒಗೆದ ಬನಿಯನ್ನೇ ಒಣಗಲ್ಲ.

ಲ್ಯೂರ್ ಅಂದ್ರೆ ಗೊತ್ತಿಲ್ಲದೋರಿಗೆ, ಎರೆಹುಳ ಚುಚ್ಚೋ ಬದ್ಲು ಗಾಳಕ್ಕೆ ಕಟ್ಟೋ ಸಣ್ಣ ಮೀನಿನ ಗೊಂಬೆ. ಎಳೆದಾಗ ಮೈ ಅಲ್ಲಾಡಿಸ್ಕೊಂಡು ಈಜತ್ತೆ, ದೊಡ್ಡ ಮೀನು ಬೆನ್ನಟ್ಟಿ ಬಂದು ಹಿಡಿಯತ್ತೆ. ಈಗ ಸಿಗೋದು ಜಾಸ್ತಿ ಪ್ಲಾಸ್ಟಿಕ್ಕಿನವು. ನಮ್ಮ ದೊಡ್ಡಪ್ಪನ ಹತ್ರ ಇದ್ದಿದ್ದು ಮರದವು. ಅವರು ಕಾರ್ಗಲ್ಲಲ್ಲಿ ಕೆಪಿಸಿ (ಕರ್ನಾಟಕ ವಿದ್ಯುತ್ ನಿಗಮ) ಕೆಲಸದಲ್ಲಿದ್ದಾಗ ಹೊರದೇಶಕ್ಕೆ ಹೋಗಿದ್ದ ಸ್ನೇಹಿತರೊಬ್ರು ತಂದ್ಕೊಟ್ಟಿದ್ದಂತೆ, ಆಮೇಲೆ ಅದನ್ನ ನೋಡ್ಕೊಂಡು ದೊಡ್ಡಪ್ಪನೇ ಕೆಲವು ಕೆತ್ತಿದ್ರು. ಶರಾವತಿ ಹಿನ್ನೀರಲ್ಲಿ ಆ ಕಾಲಕ್ಕೆ ಇವೇ ಲ್ಯೂರಲ್ಲಿ ಕೊರಮೀನು ಹಿಡೀತಿದ್ರು ಅಂತ ಮನೇಲಿ ಎಲ್ಲಾ ಹೇಳ್ತಾರೆ. ಈಗ ಮೊಣಕಾಲು ನೋವು, ನೀರಿನ ಹತ್ರ ಇಳಿಯೋಕಾಗಲ್ಲ. ಅಟ್ಟದ ಮೇಲಿದ್ದ ತಗಡಿನ ಡಬ್ಬಿ ಇಳಿಸ್ಕೊಟ್ಟು "ನೀನಾರೂ ಸರಿ ಮಾಡ್ಕೊಂಡು ಉಪಯೋಗ್ಸು ಮಗಾ, ಸುಮ್ನೆ ಹಾಳಾಗ್ತಿದಾವೆ" ಅಂದ್ರು. ನಂಗೆ ಆವತ್ತು ಆಗಿದ್ದ ಖುಷಿ ಹೇಳೋಕಾಗಲ್ಲ, ಚಿಕ್ಕವನಿದ್ದಾಗ ಆ ಡಬ್ಬಿ ಮುಟ್ಟೋಕೂ ಬಿಡ್ತಿರ್ಲಿಲ್ಲ.

ಡಬ್ಬಿ ತೆಗೆದು ಒಂದೊಂದೇ ಬೆಳಕಿಗೆ ಹಿಡಿದು ನೋಡಿದೆ. ಏಳು ಸೆಂಟಿಮೀಟರ್ ಉದ್ದದ ಒಂದು ಬೆಳ್ಳಿ ಬಣ್ಣದ್ದು, ಬೆನ್ನು ಕಪ್ಪು. ಹೊಟ್ಟೆ ಹತ್ರ ಕೊಕ್ಕೆ ಸಿಗಿಸೋ ಕಂಬಿ ಹೊರಗೆ ಬರೋ ಜಾಗದಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಬಾಲದ ತನಕ ಹೋಗಿತ್ತು. ಬಿರುಕಿನ ಎರಡೂ ಕಡೆ ಬಣ್ಣ ಉಬ್ಬಿ ನಿಂತಿತ್ತು, ಉಗುರಲ್ಲಿ ಒತ್ತಿದ್ರೆ ಒಳಗಿನ ಮರ ಮೆತ್ತಗೆ ತಗ್ತಿತ್ತು. ಮೂಗಿನ ಕೆಳಗಿನ ಪ್ಲಾಸ್ಟಿಕ್ ತುಟಿ ಅರ್ಧ ಮುರಿದಿತ್ತು. ಗಾಳದ ಕೊಕ್ಕೆ ತುಕ್ಕು ಹಿಡಿದು ಆ ತುಕ್ಕಿನ ನೀರು ಬಿಳಿ ಹೊಟ್ಟೆ ಮೇಲೆಲ್ಲಾ ಕಂದು ಕಲೆ ಮಾಡಿತ್ತು.

ಇಲ್ಲಿ ಒಂದು ವಿಷಯ ಹೇಳ್ಬೇಕು, ನಂಗೆ ಈ ಇಡೀ ಕೆಲಸದಲ್ಲಿ ಮನಸ್ಸಿಗೆ ಹತ್ತಿದ್ದು ಇದೇ. ನೋಡಿದ ಎಲ್ಲರೂ ಹೇಳಿದ್ದು "ಬಣ್ಣ ಹೋಗಿದೆ, ಬಣ್ಣ ಹೊಡೀರಿ" ಅಂತ. ಬಣ್ಣ ಹೋಗಿದ್ದು ಕಾಯಿಲೆ ಅಲ್ಲ, ನೀರು ಒಳಗೆ ಹೋಗಿದ್ದು ಕಾಯಿಲೆ. ಮರ ನೀರು ಕುಡಿದಾಗ ಮಳೆಗಾಲದ ಬಾಗಿಲಿನ ಹಾಗೆ ಉಬ್ಬತ್ತೆ, ಬಣ್ಣದ ಪದರಕ್ಕೆ ಅಷ್ಟು ಹಿಗ್ಗೋಕೆ ಆಗಲ್ಲ, ಒಡೆಯತ್ತೆ, ಒಡೆದ ಜಾಗದಿಂದ ಇನ್ನಷ್ಟು ನೀರು. ಫಿನ್‌ಲ್ಯಾಂಡಿನ ಲೌರಿ ರಾಪಾಲ ಅನ್ನೋ ಮೀನುಗಾರ 1936ರಲ್ಲಿ ತನ್ನ ಮೊದಲ ಲ್ಯೂರ್ ಮಾಡಿದ್ದು ಕಾರ್ಕಲ್ಲಿ, ಮೇಲೆ ಚಾಕಲೇಟ್ ಸುತ್ತಿದ ಬೇಗಡೆ ಹೊದಿಸಿ, ನೀರು ಹೋಗ್ಬಾರ್ದು ಅಂತ ಹಳೇ ಫೋಟೋ ನೆಗೆಟಿವ್ ಕರಗಿಸಿ ಬಳಿದಿದ್ದಂತೆ. ಬಡತನದಲ್ಲಿ ಕೈಗೆ ಸಿಕ್ಕಿದ್ದರಲ್ಲೇ ಆತನೂ ನೀರು ತಡೆಯೋ ದಾರಿ ಹುಡುಕ್ಲೇಬೇಕಾಯ್ತು. ಹಾಗಾಗಿ ಮೊದ್ಲು ಒಣಗಿಸೋದು, ಆಮೇಲೆ ತೂತುಗಳನ್ನ ಮುಚ್ಚೋದು, ಬಣ್ಣ ಕೊನೆಗೆ.

ಒಣಗಿದೆಯಾ ಇಲ್ವಾ ಅಂತ ಮುಟ್ಟಿ ನೋಡಿದ್ರೆ ಗೊತ್ತಾಗಲ್ಲ, ತೂಕ ನೋಡ್ಬೇಕು. ಈ ಅಳತೆಯ, ಬಾಲ್ಸಾ ಅನ್ನೋ ಹಗುರ ಮರದ ತೇಲೋ ಲ್ಯೂರ್ ಹೊಸದಿದ್ದಾಗ ಸುಮಾರು 4 ಗ್ರಾಂ ಇರತ್ತೆ. ನಮ್ದನ್ನ ಪರಿಚಯದ ಅಕ್ಕಸಾಲಿಗರ ತಕ್ಕಡಿಲಿ ಇಟ್ಟಾಗ ತುಟಿ ಅರ್ಧ ಇಲ್ದಿದ್ರೂ 5 ಗ್ರಾಂ ಹತ್ರ ತೋರಿಸ್ತು. ಅಂದ್ರೆ ಜಾಸ್ತಿ ಇದ್ದಿದ್ದಷ್ಟೂ ನೀರೇ. ಪ್ರತಿ ಸಲ ಅವರನ್ನ ಕೇಳೋದು ಸರಿಯಲ್ಲ ಅಂತ 0.01 ಗ್ರಾಂ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಆನ್‌ಲೈನಲ್ಲಿ ತರಿಸ್ದೆ, 400 ರೂಪಾಯಿ ಒಳಗೇ ಬಂತು. ಇದೊಂದು ಖರ್ಚು ಮಾಡ್ಲೇಬೇಕು ಅಂತ ನನ್ನ ಅಭಿಪ್ರಾಯ.

ಒಣಗಿಸೋಕೆ ಅಮ್ಮ ಹೇಳಿದ್ದು ಒಲೆ ಮೇಲಿನ ಅಟ್ಟದಲ್ಲಿಡು ಅಂತ. ಮುರುಗಲು ಸಿಪ್ಪೆ, ಹಲಸಿನ ಬೀಜ ಎಲ್ಲಾ ಅಲ್ಲೇ ಒಣಗೋದು ನಮ್ಮನೇಲಿ. ಆದ್ರೆ ಹೊಗೆಯ ಜಿಡ್ಡು ಮರಕ್ಕೆ ಹಿಡಿದ್ರೆ ಬಣ್ಣ ಕಚ್ಚಲ್ಲ ಅಂತ ಬೇಡ ಅಂದೆ. ಒಂದು ರಟ್ಟಿನ ಪೆಟ್ಟಿಗೆಗೆ ಹಳೇ ಕಾಲದ 40 ವ್ಯಾಟಿನ ಬಲ್ಬ್ ಹಾಕಿ, ಮೇಲೆ ಗಾಳಿ ಹೋಗೋಕೆ ತೂತು ಮಾಡಿ, ಲ್ಯೂರುಗಳನ್ನ ದಾರದಲ್ಲಿ ನೇತು ಹಾಕ್ದೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರಲ್ಲ, ಬಿಸಿನೇ ಆಗಲ್ಲ. ಹಳೇ ಬಲ್ಬ್ ಹುಡುಕೋದೇ ಒಂದು ಕೆಲಸ ಆಯ್ತು, ಶಿವಮೊಗ್ಗದ ಗಾಂಧಿ ಬಜಾರಲ್ಲಿ ಅಂಗಡಿ ಅಂಗಡಿ ಕೇಳಿ ಕೊನೆಗೆ ಒಂದು ಹಳೇ ಎಲೆಕ್ಟ್ರಿಕಲ್ ಅಂಗಡಿಲಿ ಸಿಕ್ತು. ಒಳಗೆ ಕೈ ಇಟ್ರೆ ಬೆಚ್ಚಗೆ ಅನ್ನಿಸ್ಬೇಕು, 40-45 ಡಿಗ್ರಿ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಒಳಗಿನ ಗಾಳಿ ಹಿಗ್ಗಿ ಚೆನ್ನಾಗಿರೋ ಬಣ್ಣಾನೂ ಗುಳ್ಳೆ ಏಳತ್ತೆ. ರಟ್ಟು ಅನ್ನೋದು ನೆನಪಿರ್ಲಿ, ಬಲ್ಬ್ ರಟ್ಟಿಗೆ ತಾಗ್ಬಾರ್ದು, ಮನೇಲಿ ಯಾರೂ ಇಲ್ದಾಗ ಆನ್ ಮಾಡಿ ಹೋಗ್ಬಾರ್ದು.

ಮತ್ತೆ ಕಾಯೋದು. ದಿನಾ ಸಂಜೆ ಕೆಲಸದಿಂದ ಬಂದು ತೂಕ ಬರ್ಕೊಳ್ತಿದ್ದೆ. ಮೊದ್ಲು ಬೇಗ ಇಳೀತು, ಆಮೇಲೆ ಪಾಯಿಂಟ್ ಲೆಕ್ಕದಲ್ಲಿ, ಆಮೇಲೆ ನಿಂತೇ ಹೋಯ್ತು. ತೂಕ ಎರಡ್ಮೂರು ದಿನ ಅಲ್ಲಾಡದೆ ನಿಂತ್ರೆ ಒಣಗಿದೆ ಅಂತ ಅರ್ಥ. ಮಳೆಗಾಲದಲ್ಲಿ ಗಾಳೀಲಿ 90 ಪರ್ಸೆಂಟ್ ತೇವ ಇದ್ರೆ ಹೊರಗಿಟ್ಟ ಮರದಲ್ಲಿ ನೂರಕ್ಕೆ ಇಪ್ಪತ್ತರಷ್ಟು ನೀರು ಇದ್ದೇ ಇರತ್ತೆ, ಅದಕ್ಕೇ ಪೆಟ್ಟಿಗೆಯಿಂದ ತೆಗೆದ್ರೆ ಮತ್ತೆ ಕುಡಿಯೋಕೆ ಶುರು ಮಾಡತ್ತೆ. ಕೆಲಸ ಮಾಡೋ ಹೊತ್ತು ಬಿಟ್ಟು ಬಾಕಿ ಟೈಮೆಲ್ಲಾ ಸಿಲಿಕಾ ಜೆಲ್ (ತೇವ ಹೀರೋ ಹರಳು) ಹಾಕಿದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬೀಲಿ ಇಡ್ತಿದ್ದೆ.

ಕೊಕ್ಕೆಗಳು. ಮೂರು ಮುಳ್ಳಿನ ಕೊಕ್ಕೆಗೆ ಟ್ರೆಬಲ್ ಹುಕ್ ಅಂತಾರೆ, ಸ್ಪ್ಲಿಟ್ ರಿಂಗಿಂದ (ಕೀಚೈನಿನ ಬಳೆ ಥರದ್ದು) ಬಿಚ್ಚಿ ತೆಗೀಬೇಕು, ಮೂಗು ಚೂಪಿರೋ ಇಕ್ಕಳ ಬೇಕು. ಮೇಲ್ಮೇಲೆ ತುಕ್ಕು ಹಿಡಿದಿದ್ದವನ್ನ ವಿನೆಗರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೇ ಹಲ್ಲುಜ್ಜೋ ಬ್ರಷಲ್ಲಿ ತಿಕ್ಕಿ, ಅಡುಗೆ ಸೋಡಾ ನೀರಲ್ಲಿ ಅದ್ದಿ ಒಣಗಿಸ್ದೆ. ಗುಳಿ ಬಿದ್ದಿದ್ದವನ್ನೆಲ್ಲಾ ಎಸೆದೆ, ಅಂಥವು ಮೀನು ಎಳೆದಾಗ ಮುರಿಯೋದೇ. ಹೊಸದು ತಗೊಳ್ಳುವಾಗ ಹಳೇದರ ತೂಕಕ್ಕೇ ಸರಿಯಾಗಿ ತಗೊಳ್ಳಿ, ಸೈಜ್ ನಂಬರ್ ಒಂದೇ ಇದ್ರೂ ತಂತಿ ದಪ್ಪ ಬೇರೆ ಇರತ್ತೆ, 4 ಗ್ರಾಮಿನ ಲ್ಯೂರಿಗೆ ಅರ್ಧ ಗ್ರಾಂ ಜಾಸ್ತಿ ಆದ್ರೂ ಅದರ ಈಜೇ ಬದಲಾಗತ್ತೆ.

ಬಣ್ಣ ಕೆರೆಯೋ ಮುಂಚೆ ಒಂದು ಎಚ್ಚರಿಕೆ, ಇದನ್ನ ಯಾರೂ ಹಗುರಾಗಿ ತಗೋಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮಲ್ಲಿ ಮನೆಗೆ ಹೊಡೆಯೋ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರ್ಬಾರ್ದು ಅನ್ನೋ ನಿಯಮ ಬಂದಿದ್ದೇ 2016ರಲ್ಲಿ. ದೊಡ್ಡಪ್ಪ ಹೊಡೆದಿದ್ದ ಬಣ್ಣ ಅದಕ್ಕಿಂತ ಎಷ್ಟೋ ವರ್ಷ ಹಿಂದಿಂದು. ಮಾಸ್ಕ್ ಹಾಕ್ಕೊಂಡು, ಪೇಪರ್ ಹಾಸ್ಕೊಂಡು, ಒದ್ದೆ ಪಾಲಿಶ್ ಕಾಗದದಲ್ಲಿ ಉಜ್ಜಿ, ಮಕ್ಕಳು ಹತ್ರ ಬರದ ಹಾಗೆ ನೋಡ್ಕೊಳ್ಳಿ. ಒದ್ದೆ ಅಂದ್ರೆ ಕಾಗದ ಮಾತ್ರ ತೇವ, ಲ್ಯೂರನ್ನ ನೀರಲ್ಲಿ ಅದ್ದೋದಲ್ಲ. ಚೆನ್ನಾಗಿ ಕಚ್ಚಿರೋ ಹಳೇ ಬಣ್ಣ ಪೂರ್ತಿ ತೆಗೀಬೇಕಂತಿಲ್ಲ, ಸಡಿಲ ಆಗಿರೋದನ್ನ ತೆಗೆದು ಅಂಚು ನುಣ್ಣಗೆ ಮಾಡಿದ್ರೆ ಆಯ್ತು. ದೊಡ್ಡಪ್ಪ ಕೈಯಲ್ಲಿ ಬರೆದ ಕಣ್ಣುಗಳನ್ನ ನಾನು ಮುಟ್ಲಿಲ್ಲ.

ಮರ ಕೊಳೆತಿದ್ದ ಜಾಗಕ್ಕೆ ತೇಪೆ ಹಾಕ್ಬೇಕಿತ್ತು. ಬಾಲ್ಸಾ ಇಲ್ಲಿ ಎಲ್ಲಿ ಸಿಗತ್ತೆ? ಘನ ಮೀಟರಿಗೆ 150-160 ಕೆಜಿ ಅಷ್ಟೇ ಇರೋ ಮರ ಅದು, ನಮ್ಮ ತೇಗ 600 ಮೇಲೆ. ನಮ್ಮೂರ ಆಚಾರ್ರ ಹತ್ರ ತಗೊಂಡು ಹೋದೆ. ಅವರು ಲ್ಯೂರನ್ನ ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿ "ಇದಕ್ಕೆ ತೇಗ, ಹೊನ್ನೆ ಎಲ್ಲಾ ಹಾಕಿದ್ರೆ ಮುಳುಗಿ ಹೋಗತ್ತೆ. ನಿಮ್ಮ ಬೇಲೀಲಿ ಹಾಲುವಾಣ ಇದ್ಯಲ್ಲ, ಒಣಗಿದ್ದು ಒಂದು ತುಂಡು ತನ್ನಿ" ಅಂದ್ರು.

"ಮೆಣಸಿನ ಬಳ್ಳಿ ಹಬ್ಬಿಸೋ ಮರವಾ ಆಚಾರ್ರೇ? ಅದು ಕಟ್ಟಿಗೆಗೂ ಬರಲ್ವಲ್ಲ" ಅಂತ ಕೇಳ್ದೆ.

"ಕಟ್ಟಿಗೆಗೆ ಬರಲ್ಲ ಅಂತಲೇ ನಿಮ್ಮ ಕೆಲಸಕ್ಕೆ ಬರತ್ತೆ. ಹಗುರ ಇರೋದೇ ಬೇಕಲ್ವಾ?"

ಅವರೇ ಮೆತ್ತಗಾಗಿದ್ದ ಭಾಗವನ್ನ ಉಳಿಯಿಂದ ಓರೆಯಾಗಿ ತೆಗೆದು, ಅದೇ ಓರೆಗೆ ಹಾಲುವಾಣದ ಚಕ್ಕೆ ಕೂರಿಸಿದ್ರು. ಗೆರೆ ಗೆರೆಗೆ ಕೂಡೋ ಹಾಗೆ ಇಟ್ಟಿದ್ರಿಂದ ಬೆರಳಾಡಿಸಿದ್ರೆ ಜಾಯಿಂಟ್ ಗೊತ್ತೇ ಆಗಲ್ಲ. ದುಡ್ಡು ತಗೊಳ್ಳೋಕೆ ಒಪ್ಪಲಿಲ್ಲ, ಬಲವಂತ ಮಾಡಿ 200 ಕೊಟ್ಟೆ. ಸಡಿಲ ಆಗಿದ್ದ ಸ್ಕ್ರೂಗಳ ತೂತಿಗೆ ಬಿದಿರಿನ ಕಡ್ಡಿಗೆ ಅಂಟು ಹಚ್ಚಿ ಹೊಡೆದು, ಗಟ್ಟಿಯಾದ ಮೇಲೆ ಸಣ್ಣ ಡ್ರಿಲ್ಲಲ್ಲಿ ಮತ್ತೆ ತೂತು ಮಾಡಿದ್ವಿ. ಸ್ಕ್ರೂ ಹಾಕುವಾಗ್ಲೂ ಎಪಾಕ್ಸಿಯಲ್ಲಿ (ಎರಡು ಟ್ಯೂಬ್ ಕಲಸಿ ಹಚ್ಚೋ ಅಂಟು) ಅದ್ದಿಯೇ ತಿರುಗಿಸ್ಬೇಕು, ನೀರು ಒಳಗೆ ಹೋಗೋ ದೊಡ್ಡ ದಾರಿ ಅದೇ.

ಮುರಿದ ತುಟಿಗೆ ಹೊಸ ತುಟಿ. ಈ ತುಟಿ ಇರೋದಕ್ಕೇ ಲ್ಯೂರ್ ನೀರೊಳಗೆ ಇಳಿದು ಅಲ್ಲಾಡೋದು, ಅದರ ಅಗಲ, ಕೋನ ವ್ಯತ್ಯಾಸ ಆಗ್ಬಾರ್ದು. ಬೋರ್ಡ್ ಬರೆಯೋ ಅಂಗಡೀಲಿ ಕೊಟ್ಟ ಅಕ್ರಿಲಿಕ್ ಕಲ್ಲಿಗೆ ಬಡಿದ್ರೆ ಒಡೆಯತ್ತೆ, ಪಾಲಿಕಾರ್ಬೊನೇಟ್ ಬೇಕು. ಅದಕ್ಕೆ ಸುಲಭದ ದಾರಿ ಹಳೇ ಸಿಡಿ! ಸಿಡಿ ಮಾಡೋದೇ ಪಾಲಿಕಾರ್ಬೊನೇಟಲ್ಲಿ, ದಪ್ಪ 1.2 ಮಿಲಿಮೀಟರ್, ಸಣ್ಣ ಲ್ಯೂರಿಗೆ ಸರಿಯಾಗಿ ಹೊಂದತ್ತೆ. ಮನೇಲಿ ಗೀರು ಬಿದ್ದು ಓಡದ ಯಕ್ಷಗಾನದ ಸಿಡಿಗಳಿದ್ವು. ಲೇಬಲ್ ಕಡೆ ಬ್ಲೇಡಲ್ಲಿ ಗೀರಿ, ಪಾರ್ಸಲ್ ಟೇಪ್ ಅಂಟಿಸಿ ಕಿತ್ರೆ ಬೆಳ್ಳಿ ಪದರ ಎದ್ದು ಬರತ್ತೆ, ಉಳಿಯೋದು ಗಾಜಿನಂಥ ಹಾಳೆ. ಮುರಿದ ತುಟಿಯ ಉಳಿದ ಅರ್ಧವನ್ನ ಮಡಚಿದ ಪೇಪರ್ ಮೇಲೆ ಬರ್ಕೊಂಡು ಪೂರ್ತಿ ತುಟಿಯ ಅಚ್ಚು ತೆಗೆದು, ಸಿಡಿಯನ್ನ ಬಿಸಿ ನೀರಲ್ಲಿ ಇಟ್ಟು ಸ್ವಲ್ಪ ದೊಡ್ಡದಾಗೇ ಕತ್ತರಿಸಿ, ಅರ ಹಾಕಿ ಅಳತೆಗೆ ತಂದೆ. ತಣ್ಣಗಿದ್ದಾಗ ಕತ್ತರಿಸಿದ್ರೆ ಅಂಚಲ್ಲಿ ಸಣ್ಣ ಸಣ್ಣ ಬಿರುಕು ಬಿಡತ್ತೆ.

ಈಗ ದಾಖಲೆ ಪತ್ರದ ಕತೆ. ಉದ್ದ ಮೊಳೆಯ ಸ್ಟೇನ್‌ಲೆಸ್ ಸ್ಕ್ರೂ ಐ, ಅಂದ್ರೆ ತಲೆಲಿ ಬಳೆ ಇರೋ ಸಣ್ಣ ಸ್ಕ್ರೂ, ನಂಗೆ ಬೇಕಿದ್ದ ಅಳತೇಲಿ ಇಲ್ಲಿ ಸಿಗ್ಲಿಲ್ಲ ಅಂತ ಹೊರದೇಶದಿಂದ ತರಿಸ್ದೆ. ಪಾರ್ಸಲ್ ಕಸ್ಟಮ್ಸಲ್ಲಿ ನಿಂತ್ಕೊಳ್ತು. ಕೊರಿಯರ್‌ನವರು ಕೆವೈಸಿ ಕೇಳಿದ್ರು, ಆಧಾರ್ ಕಳಿಸ್ದೆ. ಆಧಾರಲ್ಲಿ ಊರ ಮನೆ ವಿಳಾಸ, ಪಾರ್ಸಲ್ ಮೇಲೆ ಶಿವಮೊಗ್ಗದ ಬಾಡಿಗೆ ಮನೆ ವಿಳಾಸ, ಹೊಂದ್ತಿಲ್ಲ ಅಂತ ವಾಪಸ್ ಮಾಡಿದ್ರು. ಬಾಡಿಗೆ ಕರಾರು ಪತ್ರ ಸ್ಕ್ಯಾನ್ ಮಾಡಿ ಕಳಿಸ್ದೆ, ಫೈಲ್ ಸೈಜ್ ಜಾಸ್ತಿ ಅಂತ ಬಂತು. ಫೋನ್ ಮಾಡಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ವಾರಗಟ್ಲೆ ಕಾದು ಕಾದು ಬೇಜಾರಾಗಿ ಹೋಗಿತ್ತು, ಅತ್ತ ದೊಡ್ಡಪ್ಪ "ಎಂತಾಯ್ತೋ ಮಗಾ" ಅಂತ ಫೋನ್ ಮಾಡಿದಾಗೆಲ್ಲಾ ಸಂಕಟ. ಕೊನೆಗೆ ಡ್ಯೂಟಿ, ಅವರ ಚಾರ್ಜು ಎಲ್ಲಾ ಸೇರಿ ಸಾಮಾನಿನ ಬೆಲೆಗಿಂತ ಜಾಸ್ತಿ ಕಟ್ಟಿ ಬಿಡಿಸ್ಕೊಂಡೆ. ನೀವು ತರಿಸೋದಾದ್ರೆ ಆಧಾರಲ್ಲಿರೋ ವಿಳಾಸಕ್ಕೇ ತರಿಸಿ, ಅದಕ್ಕಿಂತ ನಮ್ಮ ದೇಶದೊಳಗೇ ಮಾರೋರ ಹತ್ರ ಮೊದ್ಲು ಪೂರ್ತಿ ಹುಡುಕಿ. ಸ್ಟೇನ್‌ಲೆಸ್ ತಂತಿ ಬಗ್ಗಿಸಿ ಹೆಣೆದು ನೀವೇ ಮಾಡ್ಕೊಂಡ್ರೂ ನಡೆಯತ್ತೆ.

ಮರ ಸೀಲ್ ಮಾಡೋಕೆ ಪೇಂಟ್ ಅಂಗಡಿಯವರು ಬಡಗಿಗಳು ಬಳಸೋ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರ್ ಕೊಟ್ರು. ಬೇಸಿಗೇಲಿ ಅದು ಬಹಳ ಒಳ್ಳೇ ಸಾಮಾನು. ಮಳೆ ಹೊಯ್ಯೋ ದಿನ ಹಚ್ಚಿದ್ರೆ ನೋಡ್ನೋಡ್ತಿದ್ದಂಗೇ ಹಾಲು ಚೆಲ್ಲಿದಷ್ಟು ಬೆಳ್ಳಗಾಗತ್ತೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರೋದ್ರಿಂದ ಹಾಗಾಗೋದು. ನಿಧಾನಕ್ಕೆ ಆರೋ ರಿಟಾರ್ಡರ್ ಥಿನ್ನರ್ ಅಂತ ಬರತ್ತೆ, ಅದನ್ನ ಸ್ವಲ್ಪ ಬೆರೆಸಿ ಮೇಲೆ ಒಂದು ಕೈ ಹೊಡೆದು, ಬಲ್ಬಿನ ಪೆಟ್ಟಿಗೇಲಿ ಇಟ್ಟೆ, ಬಿಳಿ ಹೋಯ್ತು. ಇನ್ನೊಂದು, ಹಳೇ ಎನಾಮೆಲ್ ಬಣ್ಣ ಉಳಿಸ್ಕೊಂಡಿರೋ ಲ್ಯೂರಿಗೆ ಎನ್‌ಸಿ ಮುಟ್ಟಿಸ್ಬೇಡಿ, ಥಿನ್ನರ್ ತಾಗಿ ಹಳೇ ಬಣ್ಣ ಸುಕ್ಕಾಗತ್ತೆ. ಅಂಥದ್ದಕ್ಕೆ ತೆಳ್ಳಗಿನ ಎಪಾಕ್ಸಿಯೇ ಸೀಲರ್. ಬಣ್ಣಕ್ಕೆ ಅಕ್ರಿಲಿಕ್, ಮಕ್ಕಳ ಡ್ರಾಯಿಂಗ್ ಅಂಗಡೀಲಿ ಸಿಗೋದೇ ಸಾಕು, ನೀರಲ್ಲಿ ಕಲಸೋದ್ರಿಂದ ಕೆಳಗಿನ ಪದರಕ್ಕೆ ತೊಂದ್ರೆ ಇಲ್ಲ. ಮೊದ್ಲು ಬಿಳಿ, ಅದರ ಮೇಲೆ ಬೆಳ್ಳಿ, ಬೆನ್ನಿಗೆ ಕಪ್ಪು. ಬಣ್ಣದ ಬಗ್ಗೆ ಇಷ್ಟೇ, ಮೀನು ನೋಡೋದು ಓಟ, ಬ್ರಷ್ ಕೆಲಸ ಅಲ್ಲ.

ಕೊನೇ ಪದರ ಎರಡು ಟ್ಯೂಬಿನ ಎಪಾಕ್ಸಿ. ಐದು ನಿಮಿಷಕ್ಕೆ ಗಟ್ಟಿಯಾಗೋದು ತಗೋಬೇಡಿ, ಬ್ರಷ್ ಎಳೆಯೋ ಮೊದ್ಲೇ ಎಳೆ ಎಳೆ ಆಗತ್ತೆ, ನಿಧಾನದ್ದೇ ತಗೊಳ್ಳಿ. ರೆಸಿನ್, ಹಾರ್ಡನರ್ ಸರಿಸಮ ಬೇಕು, ಕಣ್ಣಂದಾಜು ಬೇಡ, ಸಿರಿಂಜ್ ತಗೊಂಡು ಅಳೀರಿ. ನಿಧಾನಕ್ಕೆ ಕಲಸಿ, ಗುಳ್ಳೆ ಬಂದ್ರೆ ಹಚ್ಚಿದ ಮೇಲೆ ಹೇರ್ ಡ್ರೈಯರಲ್ಲಿ ದೂರದಿಂದ ಬಿಸಿ ಗಾಳಿ ತೋರಿಸಿದ್ರೆ ಒಡೆದು ಹೋಗ್ತಾವೆ. ಇದು ಜೇನಿಗಿಂತ ನಿಧಾನ ಹರಿಯೋದ್ರಿಂದ ಸುಮ್ನೆ ನೇತು ಹಾಕಿದ್ರೆ ಹೊಟ್ಟೆಯಡಿ ಇಳಿದು ಗಂಟು ಕಟ್ಟತ್ತೆ, ತಿರುಗಿಸ್ತಾನೇ ಇರ್ಬೇಕು. ಅದಕ್ಕೆ ಮೈಕ್ರೋವೇವ್ ಒಳಗಿನ ತಟ್ಟೆ ತಿರುಗಿಸೋ ಮೋಟಾರ್ ರಿಪೇರಿ ಅಂಗಡೀಲಿ 150ಕ್ಕೆ ತಂದೆ, ನಿಮಿಷಕ್ಕೆ ಐದಾರು ಸುತ್ತು ಹೊಡೆಯತ್ತೆ, ಹೇಳಿ ಮಾಡಿಸಿದಂಗಿದೆ. ಅದು 230 ವೋಲ್ಟಿಂದು, ವೈರಿಂಗ್ ಗೊತ್ತಿರೋರ ಹತ್ರ ಮಾಡಿಸ್ಕೊಳ್ಳಿ.

ಎಪಾಕ್ಸಿ ಹಚ್ಚಿ ಮೋಟಾರಿಗೆ ಸಿಗಿಸಿ ಅರ್ಧ ಗಂಟೆ ಆಗಿರ್ಲಿಲ್ಲ, ಗಾಳಿ ಬಂತು, ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯ್ತು. ಮಲೆನಾಡಲ್ಲಿ ಹೋದ ಕರೆಂಟ್ ಯಾವಾಗ ಬರತ್ತೆ ಅಂತ ಯಾರಿಗೆ ಗೊತ್ತು. ಅಮ್ಮ ಎಮರ್ಜೆನ್ಸಿ ಲ್ಯಾಂಪ್ ಹಿಡ್ಕೊಂಡು ಕೂತ್ರು, ನಾನು ಬಿದಿರಿನ ಕಡ್ಡಿಗೆ ಕಚ್ಚಿಸಿದ್ದ ಲ್ಯೂರುಗಳನ್ನ ಕೈಯಲ್ಲೇ ತಿರುಗಿಸ್ತಾ ಕೂತೆ, ಕೈ ಸೋತಾಗ ಅಮ್ಮ ತಗೊಂಡ್ರು. ಲ್ಯಾಂಪಿನ ಬೆಳಕಲ್ಲಿ ಎಪಾಕ್ಸಿ ಒಂದು ಪಕ್ಕಕ್ಕೆ ಜಾರೋದು ಕಾಣ್ತಿತ್ತು, ತಕ್ಷಣ ಆ ಪಕ್ಕ ಮೇಲೆ ಮಾಡೋದು. ಎಪಾಕ್ಸಿ ಹರಿಯೋದು ನಿಲ್ಲೋ ತನಕ ಬಿಡೋ ಹಾಗಿಲ್ಲ, ಚಳಿಗೆ ಅದೂ ನಿಧಾನ. ಅಮ್ಮ ಅವತ್ತು ಜತೆಗಿರ್ದಿದ್ರೆ ಆ ಲ್ಯೂರುಗಳು ಉಳೀತಿರ್ಲಿಲ್ಲ. ನೀವು ಇನ್ವರ್ಟರ್ ಇರೋ ಮನೇಲಿ ಮಾಡಿ, ಇಲ್ಲಾಂದ್ರೆ ಜತೆಗೊಬ್ರನ್ನ ಕೂರಿಸ್ಕೊಳ್ಳಿ.

ಮಾರನೇ ದಿನ ಗಟ್ಟಿಯಾಗಿತ್ತು, ಆದ್ರೆ ಮೇಲೆ ಮೇಣದ ಥರ ಅಂಟಂಟು. ಎದೆ ಧಸಕ್ ಅಂತು. ತೇವದ ಹವೇಲಿ ಹಾರ್ಡನರ್ ಗಾಳಿ ಜತೆ ಸೇರಿ ಹೀಗೆ ಮೇಲೊಂದು ಪದರ ಕಟ್ಟತ್ತೆ, ಒಳಗೆ ಕೆಟ್ಟಿರಲ್ಲ. ಉಗುರು ಬೆಚ್ಚಗಿನ ನೀರು, ಸೋಪು ಹಾಕಿ ಮೆತ್ತಗೆ ತೊಳೆದ್ರೆ ಹೋಗತ್ತೆ, ಹೋಯ್ತು. ತೊಳೀದೆ ಎರಡನೇ ಕೋಟ್ ಹಚ್ಚಿದ್ರೆ ಮಾತ್ರ ಅದು ಕಚ್ಚಲ್ಲ.

ಪರೀಕ್ಷೆ ಮೊದ್ಲು ಬಚ್ಚಲ ಮನೆ ಬಕೆಟಲ್ಲಿ, ಕೊಕ್ಕೆ ಎಲ್ಲಾ ಸಿಗಿಸಿ ತೇಲಿಸಿ ನೋಡಿ, ಒಂದು ಪಕ್ಕಕ್ಕೆ ವಾಲ್ಬಾರ್ದು. ಆಮೇಲೆ ತೆರೆದ ನೀರಲ್ಲಿ. ಎಲ್ಲಿ ಬೇಕಾದ್ರಲ್ಲಿ ಹಾಕೋ ಹಾಗಿಲ್ಲ. ತೀರ್ಥಹಳ್ಳಿ ಹತ್ರದ ಚಿಬ್ಬಲಗುಡ್ಡೆ, ಶೃಂಗೇರಿ ಥರದ ಮತ್ಸ್ಯಧಾಮದಲ್ಲಿ ಮೀನು ಹಿಡಿಯೋ ಹಾಗೇ ಇಲ್ಲ, ಅಭಯಾರಣ್ಯದೊಳಗೂ ಇಲ್ಲ, ಊರ ಕೆರೆ ಗುತ್ತಿಗೆ ಆಗಿದ್ರೆ ಗುತ್ತಿಗೆದಾರರನ್ನ ಕೇಳ್ಬೇಕು, ಡ್ಯಾಮಿನ ನೀರಾದ್ರೆ ಮೀನುಗಾರಿಕೆ ಇಲಾಖೆಲಿ ವಿಚಾರಿಸಿ. ಮೊದಲ ಮಳೆಗೆ ಹತ್ತುಮೀನು, ಅಂದ್ರೆ ಹರಿಯೋ ನೀರಿಗೆ ಎದುರಾಗಿ ಮೇಲೆ ಹತ್ತೋ ಮೀನು, ಮೊಟ್ಟೆ ಇಡೋಕೆ ಹೊರಡೋ ಹೊತ್ತಲ್ಲಂತೂ ದಯವಿಟ್ಟು ಬಿಟ್ಬಿಡಿ. ನಾನು ನೆಂಟರ ತೋಟದ ಕೃಷಿ ಹೊಂಡದಲ್ಲಿ ಕೊಕ್ಕೆ ಇಲ್ದೆ ಅಷ್ಟೇ ತೂಕದ ಸೀಸದ ತಂತಿ ಸುತ್ತಿ ಎಳೆದು ನೋಡ್ದೆ. ಬೆಳ್ಳಿ ಲ್ಯೂರ್ ಬಲಕ್ಕೆ ಎಳೀತಿತ್ತು. ಲ್ಯೂರಿನ ಮುಖ ನಿಮ್ಮ ಕಡೆ ಇರುವಾಗ ಅದು ಬಲಕ್ಕೆ ಹೋಗ್ತಿದ್ರೆ ಗಾಳದ ದಾರ ಕಟ್ಟೋ ಮೂಗಿನ ಬಳೆಯನ್ನ ಎಡಕ್ಕೆ ಬಗ್ಗಿಸ್ಬೇಕು, ಎಡಕ್ಕೆ ಹೋಗ್ತಿದ್ರೆ ಬಲಕ್ಕೆ. ಕಣ್ಣಿಗೆ ಕಾಣದಷ್ಟು ಬಗ್ಗಿಸಿದ್ರೂ ಸಾಕು, ತಿರುಚೋದಲ್ಲ, ಬರೀ ಬಗ್ಗಿಸೋದು. ಸ್ವಲ್ಪ ಸ್ವಲ್ಪ ಸರಿ ಮಾಡ್ತಾ ಬಂದಾಗ ಒಂದ್ಸಲ ನೆಟ್ಟಗೆ, ಮೈ ನಡುಗಿಸ್ಕೊಂಡು ಬಂತು ನೋಡಿ! ವಿಡಿಯೋ ಮಾಡಿ ದೊಡ್ಡಪ್ಪಂಗೆ ಕಳಿಸ್ದೆ. ಅವರು ಫೋನ್ ಮಾಡಿ ಮೊದ್ಲು ಕೇಳಿದ್ದು "ವಾಪಸ್ ತಂದು ತೂಕ ನೋಡಿದ್ಯಾ?" ಅಂತ. ನೋಡಿದ್ದೆ, ತೂಕ ಅಷ್ಟೇ ಇತ್ತು, ಒಂದು ಹನಿ ನೀರೂ ಒಳಗೆ ಹೋಗಿರ್ಲಿಲ್ಲ.

ಒಟ್ಟು ಖರ್ಚು ಪಾರ್ಸಲ್ ಗಲಾಟೆ ಬಿಟ್ಟು 2000 ಆಸುಪಾಸು, ಅದರಲ್ಲಿ ತಕ್ಕಡಿ, ಮೋಟಾರ್, ಇಕ್ಕಳ ಎಲ್ಲಾ ಮುಂದಕ್ಕೂ ಬರೋ ಸಾಮಾನು. ಇನ್ನು ನೋಡ್ಕೊಳ್ಳೋದು: ಮೀನು ಹಿಡಿದು ಬಂದ ದಿನಾನೇ ಒರೆಸಿ ಆರಿಸಿ, ಒದ್ದೆ ಲ್ಯೂರ್ ಡಬ್ಬಿಗೆ ಹಾಕ್ಬೇಡಿ. ರಬ್ಬರಿನ ಹಾಗಿರೋ ಮೆತ್ತನೆ ಪ್ಲಾಸ್ಟಿಕ್ ಹುಳಗಳನ್ನ ಇದರ ಜತೆ ಒಂದೇ ಡಬ್ಬೀಲಿ ಇಟ್ರೆ ಬಣ್ಣ ಕರಗಿ ಅಂಟ್ಕೊಳ್ಳತ್ತೆ, ಬೇರೆ ಇಡಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಲ್ಲಿ ಬಿಡ್ಬೇಡಿ. ಕೊಕ್ಕೆ ಬುಡದ ಸುತ್ತ, ತುಟಿ ಕೂತ ಜಾಗ ಆಗಾಗ ಭೂತಗನ್ನಡೀಲಿ ನೋಡಿ, ಕೂದಲೆಳೆ ಬಿರುಕು ಕಂಡ್ರೆ ಮೊದ್ಲು ಒಣಗಿಸಿ, ಪಾರದರ್ಶಕ ನೇಲ್ ಪಾಲಿಶ್ ಒಂದು ಹನಿ ಬಿಟ್ರೆ ಆ ಸೀಸನ್ನಿಗೆ ತಡೆಯತ್ತೆ. ದೊಡ್ಡಪ್ಪ ಕೆತ್ತಿದವು ಇನ್ನೂ ಕೆಲವು ಬಾಕಿ ಇದಾವೆ, ಅವನ್ನ ಈಗ ಸಿಲಿಕಾ ಜೆಲ್ ಡಬ್ಬೀಲಿ ಇಟ್ಟಿದೀನಿ, ಎಪಾಕ್ಸಿ ಕೆಲಸ ದೀಪಾವಳಿ ಕಳೆದು ಹವೆ ಒಣಗಿದ ಮೇಲೇ ಶುರು ಮಾಡೋದು.